ಕತ್ತಲಲ್ಲಿ ಕತೆ ಹೇಳುವ ಬಂಡಿ

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಒಂದೇ ಬೇಲಿಯೊಳಗೆ ಎರಡು ರೈಡ್‌ಗಳಿವೆ. ಒಂದು, 2020ರ ಜನವರಿಯಲ್ಲಿ ಶುರುವಾದ ‘ರೈಸ್ ಆಫ್ ದಿ ರೆಸಿಸ್ಟೆನ್ಸ್’. ಸ್ಟಾರ್ ವಾರ್ಸ್ ಸಿನಿಮಾದ ಲೋಕದಲ್ಲಿ ಹೆಚ್ಚುಕಡಿಮೆ 18 ನಿಮಿಷದ ಪಯಣ. ಸಾಲುಗಟ್ಟಿ ನಿಂತ ಸೈನಿಕರು, ಹಳಿಯೇ ಇಲ್ಲದೆ ಓಡುವ ಬಂಡಿ, ಕೊನೆಗೆ ಎದೆ ಧಸಕ್ಕೆನ್ನುವಂತೆ ಒಂದು ಬೀಳು. ಇನ್ನೊಂದು, ಪಾರ್ಕು ಶುರುವಾದ 1955ರಿಂದಲೂ ಇರುವ ‘ಪೀಟರ್ ಪ್ಯಾನ್ಸ್ ಫ್ಲೈಟ್’. ಅದು ಮೂರು ನಿಮಿಷವೂ ಇಲ್ಲ; ಅದರಲ್ಲಿರುವುದು ಬಣ್ಣ ಬಳಿದ ಪುಟ್ಟ ಊರು, ಕೆಲವು ಗೊಂಬೆಗಳು, ನೇರಳಾತೀತ ಬೆಳಕು. ಆದರೆ ಬೆಳಗ್ಗೆ ಬಾಗಿಲು ತೆರೆದಾಗಿನಿಂದ ರಾತ್ರಿಯವರೆಗೆ ಪೀಟರ್ ಪ್ಯಾನ್ ಮುಂದಿನ ಕ್ಯೂ ಕರಗುವುದಿಲ್ಲ. ಹಳೆಯ ನೆನಪಿನ ಮೋಹ ಎಂದು ಇದನ್ನು ತಳ್ಳಿಹಾಕಬಹುದು. ಆದರೆ ಆ ಸಾಲಿನಲ್ಲಿ ಅಪ್ಪನ ಕೈ ಹಿಡಿದು ನಿಂತ ಐದು ವರ್ಷದ ಮಗುವಿಗೆ ಎಲ್ಲಿಂದ ಬರಬೇಕು ಹಳೆಯ ನೆನಪು? ತಂತ್ರಜ್ಞಾನ ಬೆಳೆದಂತೆಲ್ಲ ರೈಡ್‌ಗಳು ಉತ್ತಮವಾಗುತ್ತ ಬಂದವು ಎಂಬ ಸರಳ ಇತಿಹಾಸಕ್ಕೆ ಈ ಕ್ಯೂ ಒಂದು ತೊಡಕು. ಡಾರ್ಕ್ ರೈಡ್ ಎಂಬ ಈ ಕಲೆಯ ನೂರಿಪ್ಪತ್ತು ವರ್ಷಗಳ ಕತೆಯನ್ನು ನೋಡಬೇಕಾದ್ದು ಒಳಗಿರುವ ಗೊಂಬೆ, ಪರದೆ, ದೀಪಗಳ ಕಡೆಯಿಂದಲ್ಲ, ನಾವು ಕೂತಿರುವ ಬಂಡಿಯ ಕಡೆಯಿಂದ ಎಂಬುದು ನನ್ನ ವಾದ.

ಡಾರ್ಕ್ ರೈಡ್ ಎಂದರೆ ಮುಚ್ಚಿದ ಕಟ್ಟಡದೊಳಗೆ, ಕತ್ತಲಲ್ಲಿ, ಬಂಡಿಯಲ್ಲೋ ದೋಣಿಯಲ್ಲೋ ಕೂತು ಒಂದರ ನಂತರ ಒಂದು ದೃಶ್ಯವನ್ನು ದಾಟಿ ಹೋಗುವ ಆಟ. ನಮ್ಮ ಜಾತ್ರೆಗಳಲ್ಲಿ, ಮೈಸೂರಿನ ದಸರಾ ವಸ್ತುಪ್ರದರ್ಶನದಂಥ ಕಡೆ ಕಾಣುವ ಭೂತ ಬಂಗಲೆ ಇದರ ಹತ್ತಿರದ ನೆಂಟ. ಆದರೆ ಅಲ್ಲಿ ನಮ್ಮ ಕಾಲಲ್ಲೇ ನಡೆದು ಹೋಗುತ್ತೇವೆ. ವ್ಯತ್ಯಾಸ ಸಣ್ಣದೆನಿಸಬಹುದು, ಆದರೆ ಇಡೀ ವಿಷಯ ನಿಂತಿರುವುದು ಅದರ ಮೇಲೆಯೇ. ನಡೆಯುವವನಿಗೆ ಓಡುವ ಸ್ವಾತಂತ್ರ್ಯವಿದೆ, ಕಣ್ಣು ಮುಚ್ಚಿ ಮುಂದಿನವರ ಅಂಗಿ ಹಿಡಿದು ಸಾಗುವ ಉಪಾಯವಿದೆ. ಎಲುಬುಗೂಡು ಎದ್ದು ನಿಲ್ಲುವ ಹೊತ್ತಿಗೆ ಹಿಂದಿನವರು ತಳ್ಳಿ, ಅವನು ಆಗಲೇ ಮುಂದಿನ ಕೋಣೆ ಸೇರಿರಬಹುದು. ಕೂತವನಿಗೆ ಈ ಯಾವ ಸ್ವಾತಂತ್ರ್ಯವೂ ಇಲ್ಲ. ಎಷ್ಟು ಹೊತ್ತು, ಯಾವ ಕಡೆಯಿಂದ, ಎಷ್ಟು ಹತ್ತಿರದಿಂದ ನೋಡಬೇಕು ಎಂಬುದನ್ನು ಬಂಡಿಯೇ ತೀರ್ಮಾನಿಸುತ್ತದೆ. ಯಕ್ಷಗಾನದಲ್ಲಿ ಭಾಗವತರು ಹೇಗೆ ಯಾವ ವೇಷ ಯಾವಾಗ ಬರಬೇಕು, ಎಲ್ಲಿ ಓಟ, ಎಲ್ಲಿ ನಿಧಾನ ಎಂಬುದನ್ನು ಕೂತಲ್ಲಿಂದಲೇ ನಡೆಸುತ್ತಾರೋ, ಇಲ್ಲಿ ಆ ಕೆಲಸವನ್ನು ಚಕ್ರವಿರುವ ಒಂದು ಪೆಟ್ಟಿಗೆ ಮಾಡುತ್ತದೆ. ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ ಪಾರ್ಕಿನಲ್ಲಿ ‘ಸಲೀಂಗಢ’ ಎಂಬ ಡಾರ್ಕ್ ರೈಡ್ ನೋಡಿ ಬಂದವರಿಗೆ ಈ ಮಾತು ಹೊಸದೇನಲ್ಲ.

ಈ ಬಗೆಯ ಮೊದಲ ದೊಡ್ಡ ಯಶಸ್ಸು 1901ರದು. ಅಮೆರಿಕದ ಬಫಲೋ ನಗರದ ಮಹಾಮೇಳದಲ್ಲಿ ಫ್ರೆಡರಿಕ್ ಥಾಂಪ್ಸನ್ ಎಂಬಾತ ‘ಎ ಟ್ರಿಪ್ ಟು ದಿ ಮೂನ್’ ಎಂಬ ಪ್ರದರ್ಶನ ಕಟ್ಟಿದ. ಅದೇ ಮೇಳದಲ್ಲೇ ಅಧ್ಯಕ್ಷ ಮೆಕಿನ್ಲಿಯ ಮೇಲೆ ಗುಂಡು ಹಾರಿದ್ದು. ಅದರ ಗದ್ದಲದಲ್ಲಿ ಇತಿಹಾಸದ ಪುಸ್ತಕಗಳು ಚಂದ್ರಯಾನವನ್ನು ಮರೆತವು. ‘ಲೂನಾ’ ಹೆಸರಿನ ಹಡಗು ರೆಕ್ಕೆ ಬಡಿಯುತ್ತ ತೂಗಾಡುತ್ತಿತ್ತು, ಗಾಳಿ ಬೀಸುತ್ತಿತ್ತು, ಸುತ್ತಲಿನ ಬಣ್ಣದ ಪರದೆಗಳ ಮೇಲೆ ನಯಾಗರ ಜಲಪಾತ ಕೆಳಕೆಳಗೆ ಸರಿಯುತ್ತ ಭೂಮಿ ಪುಟ್ಟದಾಗುತ್ತಿತ್ತು. ಇಳಿದ ಮೇಲೆ ಚಂದ್ರನ ಗುಹೆಗಳಲ್ಲಿ ಓಡಾಟ, ಚಂದ್ರಲೋಕದವರ ವೇಷ ತೊಟ್ಟ ಕುಳ್ಳರ ಸ್ವಾಗತ, ತಿನ್ನಲು ಹಸಿರು ಚೀಸಿನ ತುಂಡು. ಮೇಳದ ಉಳಿದ ಆಟಗಳಿಗೆ ಸಾಮಾನ್ಯವಾಗಿ 25 ಸೆಂಟ್ ಇದ್ದಾಗ ಇದಕ್ಕೆ 50 ಸೆಂಟ್, ಆದರೂ ಜನ ಮುಗಿಬಿದ್ದರು. ಗುಹೆಗಳನ್ನೂ ಕುಳ್ಳರನ್ನೂ ಆಗಿನ ಬೇರೆ ಪ್ರದರ್ಶನಗಳೂ ತೋರಿಸಬಲ್ಲವಾಗಿದ್ದವು. ಆ ದುಪ್ಪಟ್ಟು ದುಡ್ಡು ಬಿದ್ದದ್ದು ಹಡಗಿಗೆ: ಒಂದಿಂಚೂ ಮುಂದೆ ಹೋಗದೆ, ಹೋಗುತ್ತಿದ್ದೇವೆ ಎಂದು ಮೈಗೆ ನಂಬಿಸಿದ ಹಡಗಿಗೆ. ಅದೇ ಕಾಲದಲ್ಲಿ ‘ಓಲ್ಡ್ ಮಿಲ್’ ಎಂಬ ಜಾತಿಯ ರೈಡ್‌ಗಳೂ ಹಬ್ಬಿದವು. ಕತ್ತಲ ಕಾಲುವೆ, ತೇಲುವ ದೋಣಿ, ಅಲ್ಲಲ್ಲಿ ಒಂದೊಂದು ದೃಶ್ಯ. ಪ್ರೇಮಿಗಳಿಗೆ ದೃಶ್ಯಕ್ಕಿಂತ ಕತ್ತಲೆಯೇ ಪ್ರಿಯವಾಗಿದ್ದು ಬೇರೆ ಮಾತು.

ನೀರಿನ ಕಾಲುವೆ ಕಟ್ಟುವುದು ದುಬಾರಿ. ನ್ಯೂಜೆರ್ಸಿಯ ಬ್ರಿಡ್ಜ್‌ಟನ್ ಎಂಬ ಊರಿನಲ್ಲಿ ಚಿಕ್ಕ ಪಾರ್ಕು ನಡೆಸುತ್ತಿದ್ದ ಲಿಯಾನ್ ಕ್ಯಾಸಿಡಿ ಮತ್ತವನ ಜೊತೆಗಾರ 1928ರ ಹೊತ್ತಿಗೆ ಅಗ್ಗದ ದಾರಿಯೊಂದನ್ನು ಕಂಡುಕೊಂಡರು. ಕತ್ತಲ ಕೋಣೆಯ ನೆಲದ ಮೇಲೆ ಒಂಟಿ ಹಳಿ, ಅದರ ಮೇಲೆ ಇಬ್ಬರು ಕೂರುವ ವಿದ್ಯುತ್ ಬಂಡಿ. ಹಳಿ ಎಷ್ಟು ಗಕ್ಕನೆ ತಿರುಗುತ್ತಿತ್ತೆಂದರೆ, ಇಳಿದವನೊಬ್ಬ ತನ್ನನ್ನು ಪ್ರೆಟ್ಜೆಲ್ ತಿಂಡಿಯ ಹಾಗೆ ತಿರುಚಿಹಾಕಿದಂತಾಯಿತು ಎಂದನಂತೆ. ಕಂಪನಿಗೆ ಪ್ರೆಟ್ಜೆಲ್ ಎಂಬ ಹೆಸರೇ ನಿಂತಿತು. ಈ ಬಂಡಿಯ ಜಾಣತನವನ್ನು ಹತ್ತಿರದಿಂದ ನೋಡಬೇಕು. ಸಣ್ಣ ಕೊಟ್ಟಿಗೆಯಷ್ಟು ಜಾಗದಲ್ಲಿ ಹಳಿ ಹಾವಿನಂತೆ ಸುತ್ತಿಕೊಂಡಿರುತ್ತದೆ, ಕತ್ತಲಲ್ಲಿ ಕೂತವನಿಗೆ ತಾನು ಹಾದ ಗೋಡೆಯನ್ನೇ ಮತ್ತೆ ಹಾಯುತ್ತಿದ್ದೇನೆಂದು ತಿಳಿಯುವುದಿಲ್ಲ. ಬಂಡಿ ಹಳಿಯ ಪಕ್ಕದ ಸನ್ನೆಯೊಂದನ್ನು ತುಳಿದಾಗಲೇ ದೀಪ ಹತ್ತಿ ಭೂತ ಎದ್ದು ನಿಲ್ಲುವುದು. ಹೆದರಿಸುವವನು ಬೇರೆ ಯಾರೂ ಇಲ್ಲ, ನಮ್ಮದೇ ತೂಕ. 1930ರಲ್ಲಿ ಇದು ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ತಲುಪಿತು. ಆ ತಿಂಡಿಯ ಹೆಸರು ಅಲ್ಲಿನವರಿಗೆ ಅಪರಿಚಿತ. ಹಾಗಾಗಿ ಆಗ ಜನಪ್ರಿಯವಾಗಿದ್ದ ಆರ್ನಲ್ಡ್ ರಿಡ್ಲಿಯ ನಾಟಕದ ಹೆಸರನ್ನೇ ಎರವಲು ಪಡೆದು ‘ಘೋಸ್ಟ್ ಟ್ರೇನ್’ ಎಂದು ಕರೆದರು. ಇವತ್ತಿಗೂ ಇಂಗ್ಲಿಷ್ ಜಾತ್ರೆಗಳಲ್ಲಿ ಈ ಜಾತಿಯ ರೈಡಿಗೆಲ್ಲ ಅದೇ ಹೆಸರು.

ವಾಲ್ಟ್ ಡಿಸ್ನಿ 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅಲ್ಲಿದ್ದ ಬಹುತೇಕ ಡಾರ್ಕ್ ರೈಡ್‌ಗಳ ಯಂತ್ರ ಹೆಚ್ಚೇನೂ ಬೇರೆಯಾಗಿರಲಿಲ್ಲ. ಅದೇ ಒಂಟಿ ಹಳಿ, ಅದೇ ತಿರುವು. ಹೊಸದಾಗಿದ್ದದ್ದು ಒಂದು ಮಹತ್ವಾಕಾಂಕ್ಷೆ: ಬಂಡಿಯಲ್ಲಿ ಕೂತವರು ಬರೀ ಹೆದರುವವರಲ್ಲ, ಕತೆಯ ಪಾತ್ರವೇ ಆಗಬೇಕು. ‘ಸ್ನೋ ವೈಟ್’ ರೈಡ್‌ನಲ್ಲಿ ಸ್ನೋ ವೈಟ್ ಗೊಂಬೆಯನ್ನೇ ಇಡಲಿಲ್ಲ. ಕೂತವರೇ ಸ್ನೋ ವೈಟ್; ಕಾಡು ಬೆದರಿಸುವುದು, ಮಾಟಗಾತಿ ಸೇಬು ನೀಡುವುದು ಎಲ್ಲ ನಮಗೇ ಎಂಬುದು ಲೆಕ್ಕ. ಜನಕ್ಕೆ ಇದು ತಲೆಗೆ ಹೋಗಲೇ ಇಲ್ಲ. ಹೊರಗೆ ಬಂದವರು ಸ್ನೋ ವೈಟ್ ಎಲ್ಲಿ ಎಂದು ಕೇಳುತ್ತಿದ್ದರು. ಕೊನೆಗೆ 1983ರಲ್ಲಿ ರೈಡನ್ನು ಹೊಸದಾಗಿ ಕಟ್ಟುವಾಗ ಅವಳ ಗೊಂಬೆಯನ್ನು ತಂದಿಟ್ಟರು. ಪಕ್ಕದ ಪೀಟರ್ ಪ್ಯಾನ್‌ನಲ್ಲೂ ಮೊದಲು ಪೀಟರ್‌ನ ಗೊಂಬೆ ಇರಲಿಲ್ಲ, ಆದರೆ ಹಾರುತ್ತಿದ್ದೇವೆ ಅನಿಸಲು ಅದು ಬೇಕಾಗಲೂ ಇಲ್ಲ. ಅಲ್ಲಿ ಬಂಡಿ ನೆಲದ ಮೇಲಿಲ್ಲ, ಮೇಲಿನ ಹಳಿಯಿಂದ ಜೋತುಬಿದ್ದ ಪುಟ್ಟ ಹಡಗು. ಕೋಣೆಯ ಕಿಟಕಿ ದಾಟಿದೊಡನೆ ಕಾಲ ಕೆಳಗೆ ಲಂಡನ್ ನಗರದ ರಾತ್ರಿ ದೀಪಗಳು, ಬೀದಿಯಲ್ಲಿ ಚುಕ್ಕಿಯಂತೆ ಸರಿಯುವ ವಾಹನಗಳು. ನೀನು ಹಾರುತ್ತಿದ್ದೀಯೆ ಎಂದು ಯಾರೂ ಹೇಳಬೇಕಾಗಿಲ್ಲ. ಸ್ನೋ ವೈಟ್‌ನಲ್ಲಿ ಕತೆ ಒಂದು ಹೇಳುತ್ತಿತ್ತು, ನೆಲದ ಮೇಲಿನ ಬಂಡಿ ಇನ್ನೊಂದು ಹೇಳುತ್ತಿತ್ತು. ಪೀಟರ್ ಪ್ಯಾನ್‌ನಲ್ಲಿ ಬಂಡಿಯೇ ಕತೆ. ಐದು ವರ್ಷದ ಮಗು ಕ್ಯೂನಲ್ಲಿ ನಿಲ್ಲುವುದು ಅದಕ್ಕೆ. ಪ್ರತಿ ಹಡಗಿನಲ್ಲಿ ಇಬ್ಬರು ಮೂವರಿಗಷ್ಟೇ ಜಾಗವಿರುವುದರಿಂದ ಕ್ಯೂ ನಿಧಾನ ಸರಿಯುತ್ತದೆ ಎಂಬುದನ್ನೂ ಇಲ್ಲಿ ಸೇರಿಸಬೇಕು. ಇಲ್ಲದಿದ್ದರೆ ವಾದ ನನ್ನ ಕಡೆಗೆ ವಾಲಿದಂತಾಗುತ್ತದೆ.

ಆ ಮಾತಿನಿಂದಲೇ ಮೊದಲ ಆಕ್ಷೇಪ ಹುಟ್ಟುತ್ತದೆ. ಬಂಡಿಯ ವಿನ್ಯಾಸವನ್ನು ನಿರ್ಧರಿಸುವುದು ಕಲೆಯಲ್ಲ, ಗಂಟೆಗೆ ಎಷ್ಟು ಜನರನ್ನು ಸಾಗಿಸಬಹುದೆಂಬ ವ್ಯಾಪಾರದ ಲೆಕ್ಕ ಎನ್ನುವವರಿದ್ದಾರೆ. ನಿಜ, ಅಲ್ಲಗಳೆಯುವಂತಿಲ್ಲ. ಡಿಸ್ನಿಲ್ಯಾಂಡಿನ ಕಡಲ್ಗಳ್ಳರ ರೈಡ್ ‘ಪೈರೇಟ್ಸ್ ಆಫ್ ದಿ ಕ್ಯಾರಿಬಿಯನ್’ ಮೊದಲು ನಡೆದು ನೋಡುವ ಮೇಣದ ಗೊಂಬೆಗಳ ಪ್ರದರ್ಶನವಾಗಿ ಯೋಜನೆಯಾಗಿತ್ತು. 1964-65ರ ನ್ಯೂಯಾರ್ಕ್ ವಿಶ್ವಮೇಳಕ್ಕೆ ಡಿಸ್ನಿ ಸಂಸ್ಥೆ ಮಾಡಿಕೊಟ್ಟ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ನಲ್ಲಿ ದೋಣಿಗಳು ಎಡೆಬಿಡದೆ ಜನರನ್ನು ನುಂಗಿ ದಾಟಿಸಿದ್ದನ್ನು ಕಂಡ ಮೇಲೆ ಕಡಲ್ಗಳ್ಳರಿಗೂ ದೋಣಿಯೇ ಬಂತು. ಆದರೆ ಹಾಗೆ ಲೆಕ್ಕಕ್ಕಾಗಿ ಬಂದ ದೋಣಿ ಇಡೀ ಕತೆಯನ್ನು ಬದಲಿಸಿದ್ದನ್ನೂ ನೋಡಿ. ಪಾರ್ಕಿನ ಸುತ್ತ ರೈಲಿನ ಮಣ್ಣುದಿಬ್ಬವಿತ್ತು, ದೊಡ್ಡ ಕಟ್ಟಡಕ್ಕೆ ಜಾಗವಿದ್ದದ್ದು ಅದರಾಚೆ. ದಿಬ್ಬದ ಅಡಿಯಿಂದ ದಾಟಲು ದೋಣಿ ಕೆಳಗಿಳಿಯಲೇಬೇಕಿತ್ತು. ಆ ಅನಿವಾರ್ಯ ಇಳಿಜಾರೇ ಕತ್ತಲ ಜಲಪಾತವಾಯಿತು, ಆ ಜಲಪಾತವೇ ಇವತ್ತಿನ ಲೋಕದಿಂದ ಕಡಲ್ಗಳ್ಳರ ಕಾಲಕ್ಕೆ ಬೀಳುವ ಬಾಗಿಲಾಯಿತು. ದೋಣಿ ತೇಲುತ್ತಲೇ ಇರುವುದರಿಂದ ಗೊಂಬೆಗಳ ಮಾತು ಪೂರ್ತಿ ಕಿವಿಗೆ ಬೀಳುವುದಿಲ್ಲ. ಬೀಳದಿದ್ದರೆ ಒಳ್ಳೆಯದೇ, ಮತ್ತೆ ಬಂದು ಕೇಳುತ್ತಾರೆ ಎಂದು ಸಂಭಾಷಣೆ ಬರೆದ ಎಕ್ಸ್ ಅಟೆನ್ಸಿಯೊ ಅವರಿಗೆ ಡಿಸ್ನಿ ಸಮಾಧಾನ ಹೇಳಿದ್ದರಂತೆ. 1966ರ ಡಿಸೆಂಬರಿನಲ್ಲಿ ತೀರಿಕೊಂಡ ಡಿಸ್ನಿ, 1967ರ ಮಾರ್ಚಿನಲ್ಲಿ ರೈಡ್ ಶುರುವಾದಾಗ ಇರಲಿಲ್ಲ. ಪ್ರಯಾಣಿಕ ಇಲ್ಲಿ ನಾಯಕನೂ ಅಲ್ಲ, ಬಲಿಪಶುವೂ ಅಲ್ಲ. ಹೊತ್ತಿ ಉರಿಯುತ್ತಿರುವ ಊರಿನ ನಡುವೆ ಸದ್ದಿಲ್ಲದೆ ಹಾದುಹೋಗುವ ಸಾಕ್ಷಿ. ಆ ಪಾತ್ರವನ್ನು ಕೊಟ್ಟದ್ದು ದೋಣಿ.

ಹೀಗೆ ವ್ಯಾಪಾರದ ಲೆಕ್ಕವೇ ಕತೆಯಾಗುವುದರ ತುತ್ತತುದಿ ಡಿಸ್ನಿಲ್ಯಾಂಡಿನ 1969ರ ‘ಹಾಂಟೆಡ್ ಮ್ಯಾನ್ಷನ್’. ಬಂಗಲೆಯ ಹೊರಗೋಡೆ 1963ರಲ್ಲೇ ಎದ್ದಿತ್ತು, ಒಳಗೆ ಏನು ಮಾಡಬೇಕೆಂಬುದು ಮಾತ್ರ ವರ್ಷಗಟ್ಟಲೆ ಬಗೆಹರಿದಿರಲಿಲ್ಲ. ಜನರನ್ನು ನಡೆಸಿದರೆ ಸಾಲು ಕರಗದು, ನಡೆಸದಿದ್ದರೆ ಬಂಗಲೆಯಲ್ಲಿ ಅಲೆದಂತೆ ಅನಿಸದು. ಈ ಗಂಟನ್ನು ಬಿಡಿಸಿದ್ದು ‘ಆಮ್ನಿಮೂವರ್’ ಎಂಬ ವ್ಯವಸ್ಥೆ. ಕೊನೆಯಿಲ್ಲದ ಸರಪಳಿಯಂತೆ ಒಂದಕ್ಕೊಂದು ಪೋಣಿಸಿದ ಬಂಡಿಗಳು ನಿಲ್ಲದೆ ಸಾಗುತ್ತಿರುತ್ತವೆ, ಅವುಗಳ ವೇಗದಲ್ಲೇ ಓಡುವ ಪಟ್ಟಿಯ ಮೇಲೆ ನಿಂತು ಹತ್ತಬೇಕು. ಗಂಟೆಗೆ ಎರಡು ಸಾವಿರಕ್ಕೂ ಹೆಚ್ಚು ಜನ ಹಾಯುತ್ತಾರೆ. ಆದರೆ ಬಂಡಿಯ ಆಕಾರ ನೋಡಿ: ಬೆನ್ನು ಮತ್ತು ಎರಡೂ ಮಗ್ಗುಲು ಚಿಪ್ಪಿನಂತೆ ಮುಚ್ಚಿವೆ. ಮುಂದೆ ನೂರು ಜನ, ಹಿಂದೆ ನೂರು ಜನ ಇದ್ದರೂ ಕೂತವರಿಗೆ ತಾವಿಬ್ಬರೇ. ಸದ್ದು ಕಿವಿಯ ಪಕ್ಕದಲ್ಲೇ. ಹಳಿಯೊಳಗಿನ ಇನ್ನೊಂದು ಪಟ್ಟಿ ಚಿಪ್ಪನ್ನು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ತಿರುಗಿಸುತ್ತದೆ. ಅಂದರೆ ನಮ್ಮ ಕತ್ತನ್ನೇ ಹಿಡಿದು ತಿರುಗಿಸಿದ ಹಾಗೆ. ನಾಟ್ಯಶಾಲೆಯ ದೃಶ್ಯದಲ್ಲಿ ಕೆಳಗೆ ಪಾರದರ್ಶಕ ದೆವ್ವಗಳು ಜೋಡಿ ಜೋಡಿಯಾಗಿ ಕುಣಿಯುತ್ತವೆ. 1862ರಲ್ಲಿ ಲಂಡನ್ನಿನ ಜಾನ್ ಹೆನ್ರಿ ಪೆಪ್ಪರ್ ಪ್ರಸಿದ್ಧಗೊಳಿಸಿದ ಹಳೆಯ ರಂಗತಂತ್ರವಿದು. ದೊಡ್ಡ ಗಾಜಿನ ಹಿಂದೆ ಖಾಲಿ ಕೋಣೆ. ಗೊಂಬೆಗಳಿರುವುದು ನಮ್ಮ ಬಂಡಿಗಳ ಮೇಲೆ, ಕೆಳಗೆ, ನಮಗೆ ಕಾಣದ ಕಡೆ. ಅವುಗಳ ಮೇಲೆ ಬೆಳಕು ಬಿದ್ದಾಗ ಗಾಜಿನಲ್ಲಿ ಪ್ರತಿಬಿಂಬ ಮೂಡುತ್ತದೆ. ಪ್ರತಿಬಿಂಬವಾದ್ದರಿಂದ ಎಡಬಲ ಅದಲುಬದಲಾಗಿ ಕುಣಿತದಲ್ಲಿ ಹೆಂಗಸರೇ ಗಂಡಸರನ್ನು ಮುನ್ನಡೆಸುವಂತೆ ಕಾಣುತ್ತದೆ, ಗಮನಿಸಿದವರು ಕಡಿಮೆ. ಪೆಪ್ಪರನ ಕಾಲದಲ್ಲಿ ಪ್ರೇಕ್ಷಕರನ್ನು ಕುರ್ಚಿಯಲ್ಲಿ ಕೂರಿಸಿದ್ದರಿಂದ ನಡೆದ ತಂತ್ರವನ್ನು ಚಲಿಸುವ ಸಾವಿರಾರು ಜನಕ್ಕೆ ತೋರಿಸಲು ಸಾಧ್ಯವಾದದ್ದು, ಯಾರೂ ಬಗ್ಗಿ ಬೇರೆ ಕಡೆ ಇಣುಕದಂತೆ ಚಿಪ್ಪು ತಡೆಯುವುದರಿಂದ. ನಿಲ್ಲದೆ ಸಾಗುವ ಈ ಸರಪಳಿಗೊಂದು ಬೆಲೆಯೂ ಇದೆ. ಗಾಲಿಕುರ್ಚಿಯಿಂದ ಒಬ್ಬರು ಹತ್ತಲು ಸರಪಳಿಯನ್ನು ನಿಲ್ಲಿಸಿದರೆ ಬಂಗಲೆಯ ತುಂಬ ಎಲ್ಲ ಬಂಡಿಗಳೂ ಇದ್ದಲ್ಲೇ ನಿಲ್ಲುತ್ತವೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ದೇಹವನ್ನೂ ಕಣ್ಣನ್ನೂ ಹೀಗೆ ಬಂಡಿಯ ವಶಕ್ಕೆ ಒಪ್ಪಿಸುವುದನ್ನು ಕಲೆ ಎಂದು ಹೊಗಳುವುದು ಸರಿಯೇ? 1979ರ ಜೂನ್ 9ರಂದು ಸಿಡ್ನಿಯ ಲೂನಾ ಪಾರ್ಕ್‌ನ ಘೋಸ್ಟ್ ಟ್ರೇನ್‌ಗೆ ಬೆಂಕಿ ಬಿದ್ದು ಆರು ಮಕ್ಕಳೂ ಒಬ್ಬ ತಂದೆಯೂ ಸತ್ತರು. ಕತ್ತಲು, ಸುತ್ತುಬಳಸಿನ ಹಳಿ, ದಾರಿ ತಿಳಿಯದ ಪ್ರಯಾಣಿಕ, ಇವೇ ರೈಡಿನ ಬಂಡವಾಳ. ಬೆಂಕಿ ಬಿದ್ದಾಗ ಇವೇ ಕೊರಳಿಗೆ ಉರುಳು. ಆದರೆ 1984ರಲ್ಲಿ ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕಿನ ‘ಹಾಂಟೆಡ್ ಕ್ಯಾಸಲ್’ನಲ್ಲಿ ಎಂಟು ಹದಿಹರೆಯದವರು ಸತ್ತದ್ದು ನಡೆದು ನೋಡುವ ಭೂತ ಬಂಗಲೆಯಲ್ಲಿ, ಬಂಡಿಯಲ್ಲಲ್ಲ. ಕೊಂದದ್ದು ನೀರು ಸಿಂಪಡಿಸುವ ಕೊಳವೆ, ತುರ್ತುದೀಪ, ಹೊರದಾರಿಗಳ ಕೊರತೆ. ಇಂಥ ದುರಂತಗಳ ನಂತರ ನಿಯಮಗಳು ಬಿಗಿಯಾದವು. ಪ್ಲೈವುಡ್ಡು, ಬಟ್ಟೆಯಲ್ಲಿ ಕಟ್ಟಿದ ಅಗ್ಗದ ರೈಡ್‌ಗಳ ಕಾಲ ಹಾಗೆ ಮುಗಿಯುತ್ತ ಬಂತು. ಪ್ರೆಟ್ಜೆಲ್ ಬಂಡಿಗಳು ಬೆರಳೆಣಿಕೆಯಷ್ಟು ಉಳಿದದ್ದಕ್ಕೆ ಜನರ ಅಭಿರುಚಿ ಬದಲಾದದ್ದಷ್ಟೇ ಕಾರಣವಲ್ಲ.

ಇನ್ನು ಪರದೆಯ ಯುಗ. ಸಿನಿಮಾ ಮತ್ತು ಕಂಪ್ಯೂಟರ್ ಬಂದ ಮೇಲೆ ಬಂಡಿಯ ಕತೆ ಮುಗಿಯಿತು, ಈಗ ಎಲ್ಲವೂ ಚಿತ್ರಗಳದ್ದೇ ಎಂಬ ಮಾತನ್ನು ಬಹಳ ಕೇಳುತ್ತೇವೆ. ಸಾಕ್ಷ್ಯ ಬೇರೆ ಹೇಳುತ್ತದೆ. 1995ರ ‘ಇಂಡಿಯಾನಾ ಜೋನ್ಸ್’ ರೈಡ್‌ನಲ್ಲಿ ಜೀಪು ಕಲ್ಲುಮುಳ್ಳಿನ ದಾರಿಯಲ್ಲಿ ಎತ್ತಿ ಹಾಕುತ್ತದೆ, ಆದರೆ ಕೆಳಗಿನ ನೆಲ ನಯವಾಗಿದೆ. ಚಕ್ರದ ಚೌಕಟ್ಟಿನ ಮೇಲೆ ಹೈಡ್ರಾಲಿಕ್ ಕಾಲುಗಳು ಆಸನಗಳನ್ನು ಕುಲುಕಿಸುತ್ತವೆ. ಹಳ್ಳಕೊಳ್ಳ ಎಲ್ಲ ಬಂಡಿಯೊಳಗೇ ಬರೆದಿಟ್ಟದ್ದು. 1999ರಲ್ಲಿ ಫ್ಲಾರಿಡಾದ ಯೂನಿವರ್ಸಲ್ ಪಾರ್ಕಿನಲ್ಲಿ ಶುರುವಾದ ‘ಸ್ಪೈಡರ್ ಮ್ಯಾನ್’ ಇದನ್ನು ಮುಂದಕ್ಕೊಯ್ದಿತು. 12 ಜನರ ಬಂಡಿ ಹಳಿಯ ಮೇಲೆ ಓಡುತ್ತ, ತಿರುಗುತ್ತ, ವಾಲುತ್ತ ಒಂದಾದ ಮೇಲೊಂದು ತ್ರಿಆಯಾಮದ ಪರದೆಗಳನ್ನು ದಾಟುತ್ತದೆ. ಸಾಮಾನ್ಯ ಚಿತ್ರವನ್ನು ಚಲಿಸುತ್ತ ಪಕ್ಕದಿಂದ ನೋಡಿದರೆ ಅದು ಸೊಟ್ಟಗಾಗಿ ಪರದೆಯೆಂಬುದು ಬಯಲಾಗುತ್ತದೆ. ಹಾಗಾಗಿ ಬಂಡಿ ಯಾವ ಕ್ಷಣ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಿ, ಆ ಜಾಗದಿಂದ ನೋಡುವವರಿಗೆ ನೆಟ್ಟಗೆ ಕಾಣುವಂತೆ ಚಿತ್ರವನ್ನು ಕ್ಷಣಕ್ಷಣಕ್ಕೂ ಬೇಕೆಂದೇ ತಿರುಚುತ್ತ ಹೋದರು. ಬಂಡಿಯಿಂದಿಳಿದು ಅದೇ ಪರದೆಯ ಮುಂದೆ ನಿಂತರೆ ಕಾಣುವುದು ಹಿಂಜಿ ಎಳೆದಂಥ ಕಟ್ಟಡಗಳು. ಅಂದರೆ ಆ ಚಿತ್ರಕ್ಕೆ ಅರ್ಥ ಬರುವುದು ಬಂಡಿಯ ಆಸನದಲ್ಲಿ ಮಾತ್ರ. ಪರದೆ ಬಂಡಿಯನ್ನು ಪದಚ್ಯುತಗೊಳಿಸಲಿಲ್ಲ, ಅದರ ಕೈಕೆಳಗೆ ಕೆಲಸಕ್ಕೆ ಸೇರಿತು. ಬಂಡಿಯ ಹಂಗು ತೊರೆದು ಬರೀ ಪರದೆಯನ್ನು ನೆಚ್ಚಿದ ರೈಡ್‌ಗಳು ಎರಡನೇ ಬಾರಿಗೆ ಸಪ್ಪೆಯಾಗುತ್ತವೆ ಎಂಬುದು ನನ್ನ ಅಭಿಪ್ರಾಯ, ಇದನ್ನು ಒಪ್ಪದವರೂ ಇದ್ದಾರು.

ನಂತರದ ಎರಡು ಹೆಜ್ಜೆಗಳೂ ಬಂಡಿಯವೇ. 2000ದಲ್ಲಿ ಟೋಕಿಯೊ ಡಿಸ್ನಿಲ್ಯಾಂಡ್‌ನ ‘ಪೂಸ್ ಹನ್ನಿ ಹಂಟ್’ ಹಳಿಯನ್ನೇ ಕಿತ್ತುಹಾಕಿತು. ಜೇನುಗಡಿಗೆಯ ಆಕಾರದ ಬಂಡಿಗಳನ್ನು ಕಂಪ್ಯೂಟರ್ ನಡೆಸುತ್ತದೆ. ಅವು ಹಿಂದಕ್ಕೆ ಸರಿಯುತ್ತವೆ, ಒಂದರ ಸುತ್ತ ಒಂದು ಸುತ್ತುತ್ತವೆ, ಒಂದು ಕಂಡದ್ದು ಇನ್ನೊಂದಕ್ಕೆ ಕಾಣದೇ ಇರಬಹುದು. 2010ರಲ್ಲಿ ಫ್ಲಾರಿಡಾದ ‘ಹ್ಯಾರಿ ಪಾಟರ್’ ರೈಡ್ ಜರ್ಮನಿಯ ಕೂಕಾ ಕಂಪನಿಯ ರೋಬೋ ತೋಳನ್ನು ಬಂಡಿ ಮಾಡಿಕೊಂಡಿತು. ಕಾರ್ಖಾನೆಗಳಲ್ಲಿ ಭಾರ ಎತ್ತಿ ತಿರುಗಿಸುವ ಅದೇ ಜಾತಿಯ ತೋಳಿನ ತುದಿಗೆ ನಾಲ್ಕು ಆಸನ. ಮೇಲು ಕೆಳಗು ಯಾವುದೆಂಬುದೇ ಮರೆಯುತ್ತದೆ, ಎಷ್ಟೋ ಜನಕ್ಕೆ ಹೊಟ್ಟೆ ತೊಳಸುತ್ತದೆ. ಪೊರಕೆಯ ಮೇಲೆ ಹಾರುವ ಕತೆಗೆ ಇದಕ್ಕಿಂತ ತಕ್ಕ ವಾಹನ ಸಿಗದು ನಿಜ, ಆದರೆ ಬಂಡಿಯ ಅಧಿಕಾರಕ್ಕೆ ಮೈ ಎಷ್ಟು ಮಣಿಯಬಲ್ಲದು ಎಂಬ ಮಿತಿಯೂ ಇಲ್ಲಿ ಗೊತ್ತಾಯಿತು. ಮೊದಲು ಹೇಳಿದ ‘ರೈಸ್ ಆಫ್ ದಿ ರೆಸಿಸ್ಟೆನ್ಸ್’ ಹಲವು ಬಗೆಯ ಬಂಡಿಗಳನ್ನು ಒಂದಕ್ಕೊಂದು ಜೋಡಿಸಿದೆ. ಆರಂಭದ ತಿಂಗಳುಗಳಲ್ಲಿ ಅದು ಪದೇ ಪದೇ ಕೆಟ್ಟು ನಿಲ್ಲುತ್ತಿದ್ದದ್ದು ಆ ಜೋಡಣೆಯ ಜಟಿಲತೆಗೆ ತೆತ್ತ ಸುಂಕ.

ಕಾಲ ಬದಲಾದಂತೆ ಜನರ ಮನಸ್ಸು ಬದಲಾಗುತ್ತದೆ, ರೈಡ್‌ಗಳನ್ನು ಬದಲಿಸುವುದು ಅದೇ ಹೊರತು ಯಂತ್ರವಲ್ಲ ಎಂದೂ ವಾದಿಸಬಹುದು. ಉದಾಹರಣೆಗಳಿಗೆ ಬರವಿಲ್ಲ. ಕಡಲ್ಗಳ್ಳರು ಹೆಂಗಸರನ್ನು ಹರಾಜು ಹಾಕುತ್ತಿದ್ದ ದೃಶ್ಯವನ್ನು 2018ರಲ್ಲಿ ಡಿಸ್ನಿಲ್ಯಾಂಡ್ ತೆಗೆದು, ಅಲ್ಲಿದ್ದ ಕೆಂಗೂದಲಿನ ಹೆಂಗಸನ್ನೇ ಕಡಲ್ಗಳ್ಳಿಯನ್ನಾಗಿ ಮಾಡಿತು. ಕರಿಯರ ಬದುಕನ್ನು ತಪ್ಪಾಗಿ ಚಿತ್ರಿಸಿತೆಂಬ ಆಪಾದನೆ ಹೊತ್ತ ಹಳೆಯ ಸಿನಿಮಾವನ್ನು ಆಧರಿಸಿದ್ದ ‘ಸ್ಪ್ಲಾಶ್ ಮೌಂಟನ್’ ಅಮೆರಿಕದ ಪಾರ್ಕುಗಳಲ್ಲಿ 2023ರಲ್ಲಿ ಮುಚ್ಚಿ, 2024ರಲ್ಲಿ ರಾಜಕುಮಾರಿ ಟಿಯಾನಾಳ ಕತೆಯಾಗಿ ತೆರೆಯಿತು. ಫ್ಲಾರಿಡಾದ ಎಪ್ಕಾಟ್‌ನಲ್ಲಿ ನಾರ್ವೆಯ ಪುರಾಣಗಳನ್ನು ತೋರುತ್ತಿದ್ದ ‘ಮೇಲ್‌ಸ್ಟ್ರಾಮ್’ 2016ರಲ್ಲಿ ‘ಫ್ರೋಜನ್’ ಆಯಿತು. ಬದಲಾವಣೆಗಳು ಸಣ್ಣವಲ್ಲ, ಹರಾಜಿನ ದೃಶ್ಯ ಹೋದದ್ದು ಒಳ್ಳೆಯದೇ ಆಯಿತು. ಆದರೆ ಮೂರರಲ್ಲೂ ಉಳಿದದ್ದೇನು? ಅದೇ ದೋಣಿ, ಅದೇ ಕಾಲುವೆ, ಅದೇ ಜಾಗದಲ್ಲಿ ಅದೇ ಬೀಳು. ಹೊಸ ಕತೆ ಬರೆಯುವವರು ಹಳೆಯ ಇಳಿಜಾರು ಎಲ್ಲಿದೆಯೋ ಅಲ್ಲಿಗೆ ತಮ್ಮ ಕತೆಯ ಏರಿಳಿತವನ್ನು ಹೊಂದಿಸಿಕೊಳ್ಳಬೇಕಾಯಿತು.

ತಲೆಗೆ ತೊಡುವ ವರ್ಚುವಲ್ ರಿಯಾಲಿಟಿ ಕನ್ನಡಕವೇ ಮುಂದಿನ ಹೆಜ್ಜೆ, ಮನೆಯ ಸೋಫಾದಲ್ಲೇ ಡಾರ್ಕ್ ರೈಡ್ ಸಿಗುತ್ತದೆ ಎಂಬ ಭವಿಷ್ಯ ಕೆಲ ವರ್ಷಗಳಿಂದ ಕೇಳಿಬರುತ್ತಿದೆ. 2016ರ ಆಸುಪಾಸಿನಲ್ಲಿ ಹಲವು ಪಾರ್ಕುಗಳು ರೋಲರ್ ಕೋಸ್ಟರ್‌ಗಳಿಗೆ ಅಂಥ ಕನ್ನಡಕ ತೊಡಿಸಿ ನೋಡಿದವು. ಪ್ರತಿಯೊಬ್ಬರಿಗೂ ಒರೆಸಿ, ಬಿಗಿದು, ಸರಿಪಡಿಸುವಷ್ಟರಲ್ಲಿ ಕ್ಯೂ ಬೆಳೆಯುತ್ತಿತ್ತು. ಬಹುಪಾಲು ಕಡೆ ಕೈಬಿಟ್ಟರು. 2021ರಲ್ಲಿ ಜಪಾನಿನ ಯೂನಿವರ್ಸಲ್ ಪಾರ್ಕಿನ ‘ಮಾರಿಯೋ ಕಾರ್ಟ್’ ಅದನ್ನು ಬೇರೆ ರೀತಿ ಬಳಸಿತು: ಪಾರದರ್ಶಕ ಕನ್ನಡಕ, ಎದುರಿಗೆ ನಿಜವಾದ ಸೆಟ್ಟು, ಕೈಯಲ್ಲಿ ಸ್ಟಿಯರಿಂಗ್ ಚಕ್ರ, ಕೆಳಗೆ ಹಳಿ. 2025ರ ಮೇನಲ್ಲಿ ಆರ್ಲ್ಯಾಂಡೊದಲ್ಲಿ ತೆರೆದ ಎಪಿಕ್ ಯೂನಿವರ್ಸ್ ಪಾರ್ಕಿನ ‘ಮಾನ್‌ಸ್ಟರ್ಸ್ ಅನ್‌ಚೈನ್ಡ್’ ಇನ್ನೂ ಕುತೂಹಲದ್ದು. ಹ್ಯಾರಿ ಪಾಟರ್ ರೈಡಿನ ಜಾತಿಯ ರೋಬೋ ತೋಳನ್ನೇ ಇಲ್ಲಿಯೂ ಬಳಸಿದ್ದಾರೆ. ಆದರೆ 2010ರಲ್ಲಿ ಆ ತೋಳು ಹೆಚ್ಚಿನ ಹೊತ್ತು ಪರದೆಗಳ ಮುಂದೆ ನಮ್ಮನ್ನು ಹಿಡಿದಿತ್ತು. ಇಲ್ಲಿ ಅದು ಕೈಯಳತೆಯಲ್ಲಿ ಎದ್ದು ನಿಲ್ಲುವ ಡ್ರಾಕುಲಾ, ಫ್ರಾಂಕೆನ್‌ಸ್ಟೈನನ ದೈತ್ಯ, ತೋಳಮಾನವರ ಯಂತ್ರಗೊಂಬೆಗಳ ಎದುರಿಗೆ ಒಯ್ದು ಒಡ್ಡುತ್ತದೆ.